ಗಿಡ್ಡ ಗಾಡಿ, ಉದ್ದ ಗಾಡಿ, ಮತ್ತ ನಮ್ಮಪ್ಪನ ಮೊಣಕಾಲು

ನಮ್ಮ ಮನ್ಯಾಗ ಮೂರು ವಾರದಿಂದ 15 ಇಂಚಿನ ಸಲುವಾಗಿ ಜಗಳಾ ನಡದದ. ಹೊಲದ ಬದುವಿಂದಲ್ಲ, ಹಿತ್ತಲ ಗ್ವಾಡಿದೂ ಅಲ್ಲ, ಗಾಡೀದು. ಶೆವ್ರೊಲೆ ಟಾಹೋ ಅನ್ನೋ ಗಾಡಿ 210.7 ಇಂಚು ಉದ್ದ ಅದ, ಅದರ ಅಣ್ಣ ಸಬರ್ಬನ್ 225.7 ಇಂಚು. ಮಾರಿ ಒಂದ, ಇಂಜಿನ್ ಒಂದ, ಹುಟ್ಟೂರೂ ಒಂದ. ಎರಡೂ ನಮ್ಮ ಡಲ್ಲಾಸ್ ಮತ್ತ ಫೋರ್ಟ್ ವರ್ತ್ ನಡುವಿನ ಆರ್ಲಿಂಗ್ಟನ್ ಫ್ಯಾಕ್ಟರ್ಯಾಗ ತಯಾರಾಗ್ತಾವ. ಮುಂದಿಂದ ನೋಡಿದ್ರ ಯಾವುದು ಯಾವುದಂತ ನನಗ ಇವತ್ತಿಗೂ ತಟ್ಟನ ತಿಳಿಯಂಗಿಲ್ಲ. ಆದ್ರ ಈ ಒಂದೂಕಾಲು ಫೂಟಿನ ಸಲುವಾಗಿ ನಾನು ನನ್ನ ಹೆಂಡ್ತಿ ಎರಡು ದಿವಸ ಮಾತು ಬಿಟ್ಟಿದ್ವಿ ಅಂದ್ರ ನೀವು ನಂಬ್ತೀರೋ ಇಲ್ಲೋ.

ಹುಬ್ಬಳ್ಳಿ ಓದುಗರಿಗೆ ಮೊದಲ ಒಂದು ಮಾತು ಹೇಳಿಬಿಡ್ತೇನಿ. ಅಮೇರಿಕಾದಾಗ ದೊಡ್ಡ ಎಸ್‌ಯುವಿ ಅಂದ್ರ ನಮ್ಮ ಕಡೆ ದೊಡ್ಡದು ಅನ್ನೋದಕ್ಕಿಂತ ಇನ್ನೂ ಒಂದು ಕೈ ಮುಂದ. ಟ್ರಕ್ಕಿನ ಚಾಸಿಯ ಮ್ಯಾಲೆ ಕಟ್ಟಿರ್ತಾರ, ಏಳೆಂಟು ಮಂದಿ ಕೂಡ್ತಾರ, ಹಿಂದ ಕೊಂಡಿ ಹಾಕಿ ದೋಣಿನೋ ಟ್ರೇಲರೋ ಎಳೀತಾರ. ಕೆಲವು ಕಂಪನಿ ಎರಡೆರಡು ಉದ್ದದಾಗ ಮಾಡ್ತಾವ. ಟಾಹೋಕ್ಕ ಸಬರ್ಬನ್, ಯುಕಾನ್‌ಗೆ ಯುಕಾನ್ ಎಕ್ಸ್ಎಲ್, ಫೋರ್ಡ್ ಎಕ್ಸ್‌ಪೆಡಿಷನ್‌ಗೆ ಎಕ್ಸ್‌ಪೆಡಿಷನ್ ಮ್ಯಾಕ್ಸ್. ಅದರಾಗ ಸಬರ್ಬನ್ ಹೆಸರು ಅಂತೂ 1935ರಿಂದ ಒಂದ ಸಮ ನಡದದ. ನಮ್ಮ ಟೆಕ್ಸಾಸ್ ಮಂದಿ ಇದಕ್ಕ ನಮ್ಮ ರಾಷ್ಟ್ರೀಯ ಕಾರು ಅಂತ ಚಾಷ್ಟಿ ಮಾಡ್ತಾರ. 2019ರಾಗ ಹಾಲಿವುಡ್ಡಿನ್ಯಾಗ ಇದಕ್ಕೂ ಒಂದು ಚುಕ್ಕಿ ಕೊಟ್ರು. ಗಾಡಿಗೆ ಚುಕ್ಕಿ! ಇರ್ಲಿ.

ಇಲ್ಲೆ ಯಾರನ್ನ ಕೇಳಿದ್ರೂ ಒಂದ ಮಾತು ಹೇಳ್ತಾರ. ಎಳೀಬೇಕಂದ್ರ ಗಿಡ್ಡಂದು ತೊಗೊ, ತುಂಬಬೇಕಂದ್ರ ಉದ್ದಂದು ತೊಗೊ. ಕೇಳಲಿಕ್ಕೆ ಭಾಳ ಛಂದ ಅದ. ನನ್ನ ಪ್ರಕಾರ ಈ ಮಾತು ಎರಡೂ ಕಡೆ ಅರ್ಧಾ ಸುಳ್ಳು. ಆ ಸುಳ್ಳು ನನಗ ಗೊತ್ತಾಗಿದ್ದು ಹೋದ ವರ್ಷ ಜೂನ್ ತಿಂಗಳದಾಗ, ಹೈವೇ 287ರ ಮ್ಯಾಲೆ, ಅದೂ ಜೀವನದಾಗ ಒಮ್ಮೆನೂ ಕಾರ್ ಹೊಡೀಲಾರದ ನಮ್ಮಪ್ಪನ ಬಾಯಿಂದ.

ಆದದ್ದೇನಂದ್ರ, ಹೋದ ವರ್ಷ ಅಪ್ಪ, ಅವ್ವ ಹುಬ್ಬಳ್ಳಿಯಿಂದ ಬಂದಿದ್ರು. ಅದ ಟೈಮಿಗೆ ನಮ್ಮತ್ತಿನೂ ಮಗಳ ಮನಿಗೆ ಅಂತ ಬಂದಿದ್ರು. ನಾವು ನಾಲ್ಕು, ಅವರು ಮೂರು, ಒಟ್ಟು ಏಳು ಮಂದಿ. ನಮ್ಮಪ್ಪಗ 76 ವರ್ಷ. ಅವಂಗ ಗ್ರ್ಯಾಂಡ್ ಕ್ಯಾನ್ಯನ್ ನೋಡಬೇಕಂತ ಯಾವಾಗಿಂದ ಆಶಾ ಇತ್ತೋ ಏನೋ, ಬಂದ ಮೂರನೇ ದಿನಾ ಕೇಳಿದಾ. ಹೋಟೆಲ್ ಊಟ ಮೂವರಿಗೂ ಆಗಂಗಿಲ್ಲ, ಒಬ್ಬರಿಗೆ ಉಳ್ಳಾಗಡ್ಡಿ ನಡ್ಯಂಗಿಲ್ಲ, ಒಬ್ಬರಿಗೆ ಖಾರ ನಡ್ಯಂಗಿಲ್ಲ. ಅದಕ್ಕ ನಾ ಶ್ಯಾಣ್ಯಾತನಾ ಮಾಡಿ, ಒಲಿ, ಮಂಚ, ಪಾಯಖಾನಿ ಎಲ್ಲಾ ಇರೋ ಒಂದು ಟ್ರೇಲರ್ ಬಾಡಿಗಿಗೆ ತೊಗೊಂಡೆ. ನಮ್ಮ ಹಳೇ 2016ರ ಟಾಹೋಕ್ಕ ಅದನ್ನ ಕಟ್ಟೋದು, ಅಡಗಿ ಮಾಡ್ಕೋತ ಹೋಗೋದು. ಬಾಡಿಗಿ ಕೊಟ್ಟಾಂವ ನನ್ನ ಗಾಡಿ ಮಾಡೆಲ್ ಕೇಳಿದಾ, ‘ಇದು 8000 ಪೌಂಡಿನ ಮ್ಯಾಲೆ ಎಳೀತದ, ನಿಮ್ಮ ಟ್ರೇಲರ್ ಸಾಮಾನು ತುಂಬಿದ್ರೂ 5800, ಏನೂ ಚಿಂತಿಲ್ಲ’ ಅಂದಾ. ನಾನೂ ಚಿಂತಿ ಮಾಡ್ಲಿಲ್ಲ.

ಇನ್ನ ಕೂಡೋದು ಹೆಂಗ? ನಡುವಿನ ಸಾಲಿನ್ಯಾಗ ಎರಡ ಸೀಟು. ನಮ್ಮವ್ವಗ ಹಿಂದ ಕೂತ್ರ ವಾಂತಿ ಬರ್ತದ. ನಮ್ಮತ್ತಿ ಅಂದ್ರ ಬೀಗರು, ಬೀಗರನ್ನ ಹಿಂದಿನ ಸಾಲಿಗೆ ಹತ್ತಸ್ಲಿಕ್ಕೆ ಆಗ್ತದೇನ್ರಿ? ನಮ್ಮಪ್ಪನ ತಾನಾಗಿ ‘ನಾ ಹುಡುಗ್ರ ಜೋಡಿ ಹಿಂದ ಕೂಡ್ತೇನಿ, ಕಥಿ ಹೇಳ್ಕೋತ ಹೋದ್ರಾತು’ ಅಂತ ಮೂರನೇ ಸಾಲಿಗೆ ನುಸುಳಿದಾ. ನುಸುಳಿದಾ ಅಂತನ ಅನ್ನಬೇಕು. ಆ ಹಳೇ ಟಾಹೋದಾಗ ಮೂರನೇ ಸಾಲಿನ್ಯಾಗ ಕಾಲಿಗೆ ಕೊಟ್ಟ ಜಾಗಾ 24.8 ಇಂಚು. ಹಿಂದಿನ ಅಚ್ಚು ಗಟ್ಟಿ ಅಚ್ಚು, ಅದಕ್ಕ ಜಾಗಾ ಬೇಕಂತ ಗಾಡಿ ನೆಲಾನೂ ಎತ್ತರ ಮಾಡಿದ್ರು. ಅಲ್ಲೆ ಕೂತವರ ಮೊಣಕಾಲು ಗದ್ದಕ್ಕ ಹತ್ತಬೇಕು.

ಡಲ್ಲಾಸ್ ಬಿಟ್ಟು ವಿಚಿಟಾ ಫಾಲ್ಸ್ ದಾಟೋತನಕ ಎಲ್ಲಾ ಛಂದ ಇತ್ತು. ಅಲ್ಲಿಂದ ಮುಂದ ಒಂದು ಗಿಡಾ ಇಲ್ಲ, ಬರೇ ಬಯಲು, ನಮ್ಮ ನವಲಗುಂದ ಕಡೆ ಎರಿ ಹೊಲದ ಹಂಗ. ಗಾಳಿ ಅಡ್ಡ ಬೀಸಲಿಕ್ಕೆ ಶುರು ಆತು. ಬಾಜೂಕ ಒಂದು ದೊಡ್ಡ ಟ್ರಕ್ ದಾಟಿ ಹೋತು ನೋಡ್ರಿ, ಹಿಂದಿನ ಟ್ರೇಲರ್ ಎಡಕ್ಕ ಒಮ್ಮೆ, ಬಲಕ್ಕ ಒಮ್ಮೆ ಹೊಯ್ದಾಡ್ಲಿಕ್ಕೆ ಹತ್ತಿತು. ಅದರ ಜೋಡಿ ನಮ್ಮ ಗಾಡಿನೂ. ನಾ ಮಾಡಬಾರದ್ದು ಮಾಡಿದೆ, ಗಾಬರಿ ಆಗಿ ಬ್ರೇಕ್ ಒತ್ತಿದೆ. ಖರೆ ಅಂದ್ರ ಆಗ ಎಕ್ಸಲರೇಟರಿಂದ ಕಾಲು ತಗದು, ಸ್ಟೀರಿಂಗ್ ನೆಟ್ಟಗ ಹಿಡದು, ಟ್ರೇಲರಿನ ಬ್ರೇಕ್ ಅಷ್ಟ ಕೈಲೆ ಹಾಕಬೇಕು. ಏನೋ ಪುಣ್ಯಾ, ಬಾಜೂಕ ಯಾರೂ ಇದ್ದಿದ್ದಿಲ್ಲ. ಅರ್ಧಾ ಮಿನಿಟಿನ್ಯಾಗ ಗಾಡಿ ನಿಂತು, ನನ್ನ ಅಂಗಿ ತೊಯ್ದು ತೊಪ್ಪಡಿ ಆಗಿತ್ತು. ನಮ್ಮತ್ತಿ ವಿಷ್ಣು ಸಹಸ್ರನಾಮದಾಗ ಅರ್ಧಕ್ಕ ಬಂದಿದ್ರು.

ಚಿಲ್ಡ್ರೆಸ್ ಅನ್ನೋ ಊರಾಗ ನಿಂದ್ರಿಸಿದ್ವಿ. ಅಪ್ಪನ್ನ ಹಿಂದಿನ ಸೀಟಿಂದ ನಾನು ಮಗಾ ಇಬ್ಬರೂ ಹಿಡದು ಇಳಿಸಿದ್ವಿ. ಕಾಲು ನೆಟ್ಟಗ ಮಾಡ್ಲಿಕ್ಕೆ ಬರವಲ್ದು ಅವಂಗ. ಐದು ಮಿನಿಟು ಬಾಗಲಾ ಹಿಡಕೊಂಡು ನಿಂತಾ. ಆಮ್ಯಾಲೆ ಟ್ರೇಲರ್ ಸುತ್ತಾ ಒಂದು ಸುತ್ತು ಹೊಡದು, ಬಾಗಲಾ ತಗಸಿ ಒಳಗ ನೋಡಿ, ‘ತಮ್ಮಾ, ಹಿಂದ ಭಾರ ಆಗ್ಯದೋ. ನೊಗ ಎತ್ತಲಿಕ್ಕತ್ತದ’ ಅಂದಾ.

ನಮ್ಮಪ್ಪ ಹುಟ್ಟಿದ್ದು ಒಕ್ಕಲುತನದ ಮನ್ಯಾಗ. ಆಮ್ಯಾಲೆ ಅಮರಗೋಳ ಎಪಿಎಂಸಿಯೊಳಗ ದಲಾಲಿ ಅಂಗಡ್ಯಾಗ ಮೂವತ್ತು ವರ್ಷ ಲೆಕ್ಕ ಬರದಾ. ಚಕ್ಕಡಿಗೆ ಎರಡ ಗಾಲಿ, ನಡುವ ಅಚ್ಚು. ಚೀಲಾ ಎಲ್ಲಾ ಅಚ್ಚಿನ ಹಿಂದ ಹೇರಿದ್ರ ನೊಗ ಮ್ಯಾಲೆ ಏಳ್ತದ, ಎತ್ತಿನ ಕೊಳ್ಳಿಗೆ ಜತಗಿ ಬಿಗೀತದ, ಬಂಡಿ ಓಲಾಡ್ತದ. ಎಲ್ಲಾ ಮುಂದ ಹೇರಿದ್ರ ಎತ್ತಿನ ಹೆಗಲು ಒಡೀತದ. ‘ಹೆಗಲ ಮ್ಯಾಲೆ ಸ್ವಲ್ಪ ಭಾರ ಇರಬೇಕು, ಭಾಳ ಇರಬಾರದು’ ಅಂದಾ. ಇಲ್ಲಿ ಮಂದಿ ಇದಕ್ಕ ಟಂಗ್ ವೇಟ್ ಅಂತಾರ, ಟ್ರೇಲರಿನ ಒಟ್ಟು ತೂಕದಾಗ ನೂರಕ್ಕ 10ರಿಂದ 15ರಷ್ಟು ಕೊಂಡಿ ಮ್ಯಾಲೆ ಕೂಡಬೇಕು ಅಂತಾರ. ನಾ ಹೊಂಟಾಗ ಅಕ್ಕಿ ಚೀಲಾ, ನೀರಿನ ಕ್ಯಾನು, ಮೂರು ದೊಡ್ಡ ಸೂಟ್‌ಕೇಸು, ಎಲ್ಲಾನೂ ಟ್ರೇಲರಿನ ಹಿಂದಿನ ಮಂಚದ ಮ್ಯಾಲೆ ಒಟ್ಟಿದ್ದೆ, ಹಿಂದ ಜಾಗಾ ಇತ್ತು ಅಂತ. ಎಲ್ಲಾ ಮುಂದ ಸರಿಸಿದ್ವಿ. ಅಮರಿಲ್ಲೋತನಕ ಟ್ರೇಲರ್ ನೆಟ್ಟಗ ಬಂತು.

ನೆಟ್ಟಗೇನೋ ಬಂತು, ಆದ್ರ ನಮ್ಮ ಟಾಹೋ ಹಿಂದ ಕುಂಡಿ ಊರಿ ಕೂತ್ಕೊಂಡು ಮುಂದಿನ ಮಾರಿ ಮುಗಲಿಗೆ ಮಾಡಿತ್ತು. ಹಗಲ ಹೊತ್ತಿನ್ಯಾಗ ಎದುರಿನವರು ಲೈಟ್ ಹೊಡೀಲಿಕ್ಕೆ ಹತ್ತಿದ್ರು. ‘ತೂಕಾ ಮಾಡ್ಸು’ ಅಂದಾ ಅಪ್ಪ. ಅಮರಿಲ್ಲೋದಾಗ ಟ್ರಕ್ ನಿಂದ್ರೋ ಜಾಗಾದಾಗ ಕಾಟಾ ಇತ್ತು, ನಮ್ಮ ಎಪಿಎಂಸಿ ಕಾಟಾದ ಹಂಗ, ಆದ್ರ ಪ್ರತಿ ಅಚ್ಚಿಂದು ಬ್ಯಾರೆ ಬ್ಯಾರೆ ತೂಕಾ ಕೊಡ್ತದ. ಚೀಟಿ ತೊಗೊಂಡು ಡ್ರೈವರ್ ಬಾಗಲಿನ ಚೌಕಟ್ಟಿಗೆ ಹಚ್ಚಿದ ಸ್ಟಿಕರ್ ಜೋಡಿ ತಾಳಿ ನೋಡಿದ್ರ, ಹಿಂದಿನ ಅಚ್ಚಿನ ಮ್ಯಾಲೆ ಇರಬೇಕಾದ್ದಕ್ಕಿಂತ ಜಾಸ್ತಿ ಭಾರ.

ಆ ಬಾಗಲಿನ್ಯಾಗ ಇನ್ನೊಂದು ಸ್ಟಿಕರ್ ಅದ, ಹಳದಿ ಬಿಳಿ ಬಣ್ಣದ್ದು. ಒಳಗ ಕೂತ ಮಂದಿ ಮತ್ತ ಸಾಮಾನು ಸೇರಿ ಇಷ್ಟು ಪೌಂಡ್ ದಾಟಬಾರದು ಅಂತ ಬರದಿರ್ತದ. ನಮ್ಮದರಾಗ 1620 ಇತ್ತು. ಎಂಟು ವರ್ಷ ಆ ಬಾಗಲಾ ತಗದು ಹಾಕೇನಿ, ಒಂದಿನಾ ಓದಿಲ್ಲ. ಅಲ್ಲೇ ಕಾಟಾದ ಬಾಜೂಕ ನಿಂತು ಲೆಕ್ಕಾ ಹಾಕಿದ್ವಿ. ಏಳೂ ಮಂದೀದು ಕೂಡಿ 995 ಪೌಂಡ್. (ಹೆಂಡ್ತಿ ತನ್ನ ತೂಕಾ ಕಿವ್ಯಾಗ ಹೇಳಿದ್ಲು, ನಾ ಇಲ್ಲೆ ಬರ್ಯಂಗಿಲ್ಲ.) ಗಾಡ್ಯಾಗಿನ ಸಾಮಾನು 260. ಕೊಂಡಿ ಮ್ಯಾಲಿನ ಭಾರ ಸುಮಾರು 700. ಈ 700ನೂ ಗಾಡಿ ಹೊರೋ ಲೆಕ್ಕದಾಗ ಬರ್ತದ ಅನ್ನೋದ ನನಗ ಗೊತ್ತಿರಲಿಲ್ಲ, ಇಲ್ಲೇ ಎಲ್ಲಾರೂ ಎಡವೋದು. ಒಟ್ಟು 1955. ಅಂದ್ರ 335 ಪೌಂಡ್ ಹೆಚ್ಚು, ಕೊಂಡಿ ಕಬ್ಬಿಣಾ ಬ್ಯಾರೆ. ಎಳಿಯೋ ಲೆಕ್ಕದಾಗ ಇನ್ನೂ ಎರಡು ಸಾವಿರ ಪೌಂಡ್ ಬಾಕಿ ಇತ್ತು, ಹೊರೋ ಲೆಕ್ಕದಾಗ ದಿವಾಳಿ. ಕಂಪನಿಯವರು ಎಳಿಯೋ ನಂಬರ್ ಹಾಕೋವಾಗ ಗಾಡ್ಯಾಗ 150 ಪೌಂಡಿನ ಇಬ್ಬರ ಮಂದಿ ಕೂತಾರ ಅಂತ ಹಿಡೀತಾರ. ಅತ್ತಿ, ಮಾವ, ಕುಕ್ಕರು, ಜ್ವಾಳದ ಹಿಟ್ಟು ಅವರ ಲೆಕ್ಕದಾಗ ಇರಂಗಿಲ್ಲ.

ಅಮರಿಲ್ಲೋದಾಗ ಇನ್ನೊಂದು ಸಣ್ಣ ಕಾರ್ ಬಾಡಿಗಿಗೆ ತೊಗೊಂಡು ನನ್ನ ಹೆಂಡ್ತಿ, ಅತ್ತಿ, ಮಗಳು ಅದರಾಗ ಬಂದ್ರು. ಅಪ್ಪ ನನ್ನ ಬಾಜೂಕ ಮುಂದಿನ ಸೀಟಿಗೆ ಬಂದಾ. ಗ್ರ್ಯಾಂಡ್ ಕ್ಯಾನ್ಯನ್ ನೋಡಿದ್ವಿ. ಆದ್ರ ಡಲ್ಲಾಸಿಂದ ಅಮರಿಲ್ಲೋತನಕ ಹತ್ರಹತ್ರ 360 ಮೈಲಿ ಮೊಣಕಾಲು ಮಡಚಿ ಕೂತಿದ್ದಕ್ಕ, ಅಲ್ಲೆ ಕಣಿವಿ ದಂಡಿಗೆ ಅವ ನಾಲ್ಕು ಹೆಜ್ಜಿ ನಡೀಲಿಕ್ಕೂ ಆಗದ ಬೆಂಚಿನ ಮ್ಯಾಲೆ ಕೂತಾ. ‘ಇಲ್ಲಿಂದನೂ ಕಾಣ್ತದ ಬಿಡು’ ಅಂದಾ. ಅದು ನನಗ ಇನ್ನೂ ಚುಚ್ತದ. ಈ ವರ್ಷ ಜುಲೈಕ್ಕ ಮತ್ತ ಬಾ ಅಂದ್ರ, ಫೋನಿನ್ಯಾಗ ‘ನಿಮ್ಮವ್ವನ್ನ ಕಳಸ್ತೇನಿ, ನಾ ಮನಿ ಕಾಯ್ತೇನಿ’ ಅಂದಾ. ನಮ್ಮ ಗಾಡಿ ಜಗಳಾ ಶುರು ಆಗಿದ್ದು ಆವಾಗ.

ಈಗ ನನ್ನ ಅಭಿಪ್ರಾಯಕ್ಕ ಬರ್ತೇನಿ. ಮೊದಲ ಎಳಿಯೋ ಮಾತು. 2021ರಾಗ ಬಂದ ಹೊಸಾ ಮಾದರಿ ನೋಡಿದ್ರ ಟಾಹೋ ಹೆಚ್ಚಂದ್ರ 8400 ಪೌಂಡ್ ಎಳೀತದ, ಸಬರ್ಬನ್ 8300. ಆ ಕಾಲದ ಎಕ್ಸ್‌ಪೆಡಿಷನ್ 9300, ಮ್ಯಾಕ್ಸ್ 9000. ಉದ್ದ ಗಾಡಿ ತಾನ ಹೆಚ್ಚು ತೂಕ, ಅದಕ್ಕ ಅಷ್ಟು ಕಡಿಮಿ, ಬ್ಯಾರೆ ಏನಿಲ್ಲ. 100 ಪೌಂಡಿನ ಸಲುವಾಗಿ ಗಿಡ್ಡಂದು ತೊಗೋ ಅನ್ನೋರು ಆ ನಂಬರಿನ ಹತ್ರ ಜೀವನದಾಗ ಒಮ್ಮೆನೂ ಹೋಗಂಗಿಲ್ಲ. ಹೋಗೋಕಿಂತ ಮೊದಲ ಬಾಗಲಿನ ಸ್ಟಿಕರ್ ಅವರನ್ನ ಹಿಡೀತದ. ಅದರ ಬದಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ ನೋಡ್ರಿ. ಟಾಹೋಕ್ಕ 120.9 ಇಂಚು, ಸಬರ್ಬನ್‌ಗೆ 134.1. ಅಂತರ ಉದ್ದ ಇದ್ದಷ್ಟು ಹಿಂದಿನ ಟ್ರೇಲರ್ ಮುಂದಿನ ಗಾಡೀನ ಜಗ್ಗಾಡೋದು ಕಡಿಮಿ. ವಿಚಿಟಾ ಫಾಲ್ಸಿನ ಗಾಳ್ಯಾಗ ನನಗ ಬೇಕಾಗಿದ್ದು ಆ 13 ಇಂಚು, 100 ಪೌಂಡ್ ಅಲ್ಲ. ಹಂಗಂತ ಉದ್ದ ಗಾಡಿ ಇದ್ರ ಸಾಮಾನು ಹೆಂಗರ ಒಟ್ಟಬಹುದು ಅಂತಲ್ಲ. ನೊಗ ಎತ್ತಿದ್ರ ಯಾವ ಗಾಡಿನೂ ಓಲಾಡ್ತದ.

ಇನ್ನ ತುಂಬೋ ಮಾತು. ಮೂರನೇ ಸಾಲು ಎಬ್ಬಿಸಿಟ್ಟಾಗ ಅದರ ಹಿಂದ ಟಾಹೋದಾಗ 25.5 ಘನ ಅಡಿ ಜಾಗಾ, ಸಬರ್ಬನ್‌ನಾಗ 41.5. ನಮ್ಮ ಹಳೇದರಾಗ ಬರೇ 15.3 ಇತ್ತು, ಅಂದ್ರ ಎರಡು ಸೂಟ್‌ಕೇಸ್ ನಿಂದ್ರಿಸಿದ್ರ ಮುಗೀತು. ನಾಲ್ಕು ದೊಡ್ಡ ಸೂಟ್‌ಕೇಸಿನ ಸಂಸಾರ, ಅಂದ್ರ ಊರಿಂದ ಬಂದ ಯಾವುದ ಅಪ್ಪ ಅವ್ವ, ಸಬರ್ಬನ್‌ನಾಗ ಹಿಡಸ್ತದ. ಆದ್ರ ಇಲ್ಲೆ ಅದ ನೋಡ್ರಿ ಮಜಾ. ಜಾಗಾ ಹೆಚ್ಚಾತು ಅಂತ ಹೊರೋ ತಾಕತ್ತು ಹೆಚ್ಚಾಗಂಗಿಲ್ಲ. ಶೋರೂಮಿನ್ಯಾಗ ನಾ ಎರಡೂ ಗಾಡಿ ಬಾಗಲಾ ತಗದು ಸ್ಟಿಕರ್ ಓದಿದೆ, ಒಂದ ಥರದ ಸಾಮಗ್ರಿ ಇದ್ದ ಗಾಡಿಗಳೊಳಗ ಉದ್ದಂದರಾಗ ಅರವತ್ತು ಪೌಂಡ್ ಕಡಿಮೀನ ಇತ್ತು. ಸೇಲ್ಸಿನ ಹುಡುಗ ನನ್ನ ಹಿಂದ ಬಂದು ‘ಸರ್, ಬಾಗಲಿಗೇನರ ಗೀರು ಬಿದ್ದದೇನು’ ಅಂತ ಕೇಳಿದಾ. ದೊಡ್ಡ ಚೀಲಾ ಕೊಟ್ಟು ಅದ ಕೂಲಿಯವನ ತಲಿ ಮ್ಯಾಲೆ ಇಟ್ಟಂಗ ಇದು. ಮ್ಯಾಲೆ ಛಾವಣಿ ಮ್ಯಾಲೆ ಡಬ್ಬಿ ಕಟ್ಟೋರಿಗೂ ಇದ ಲೆಕ್ಕ, ಅದೂ ಆ ಸ್ಟಿಕರಿನ ಒಳಗ ಬರ್ತದ.

ಹಂಗಾದ್ರ ಏನು ತೊಗೋಬೇಕು? ನಾಲ್ಕ ಮಂದಿ ಇದ್ದು, ವರ್ಷಕ್ಕ ನಾಲ್ಕೈದು ಸಲ 5000 ಪೌಂಡಿನ ಒಳಗಿನ ದೋಣಿ, ಟ್ರೇಲರ್ ಎಳೀತೀರಿ, ಉಳಿದ ದಿನಾ ಊರಾಗ ಪಾರ್ಕಿಂಗ್ ಹುಡುಕ್ತೀರಿ ಅಂದ್ರ ಗಿಡ್ಡಂದು ಸಾಕು, ಮೂರು ಸಾವಿರ ಡಾಲರ್ ಹತ್ರಾ ಉಳೀತದ. ಟ್ರೇಲರ್ ಹಿಂದ ಸರಿಸೋವಾಗ ಗಿಡ್ಡ ಗಾಡಿ ಬೇಗ ತಿರಗ್ತದ, ಅದೂ ಒಂದು ಅನುಕೂಲ. ಬಯಲಿನ ಗಾಳ್ಯಾಗ ದೂರದೂರ ಎಳೀತೀರಿ ಅಂದ್ರ ನಾಲ್ಕ ಮಂದಿ ಇದ್ರೂ ನಾ ಉದ್ದಂದ ಅಂತೇನಿ. ಆರೇಳು ಮಂದಿ ಕೂಡೋದು ಖರೆ ಇದ್ರಂತೂ ಉದ್ದಂದು ಬಿಟ್ಟು ಬ್ಯಾರೆ ಮಾತ ಇಲ್ಲ, ಹೊಸಾದರಾಗ ಹಿಂದಿನ ಗಟ್ಟಿ ಅಚ್ಚು ತಗದು ನೆಲಾ ಇಳಿಸ್ಯಾರ, ಮೂರನೇ ಸಾಲಿನ್ಯಾಗ ಟಾಹೋಕ್ಕ 34.9 ಇಂಚು, ಸಬರ್ಬನ್‌ಗೆ 36.7 ಇಂಚು ಕಾಲು ಚಾಚಲಿಕ್ಕೆ.

ಏಳು ಮಂದಿನೂ ಬೇಕು, 6000 ಪೌಂಡಿನ ಟ್ರೇಲರೂ ಬೇಕು ಅನ್ನೋರಿಗೆ ಮಾತ್ರ ನಾ ಎರಡೂ ಬ್ಯಾಡ ಅಂತೇನಿ. ಇದು ನನಗ ನುಂಗಲಿಕ್ಕೆ ಭಾಳ ಕಷ್ಟ ಆತು. ಮೊದಲ ಸಬರ್ಬನ್‌ನಾಗ 2500 ಅಂತ ಒಂದು ಗಟ್ಟಿ ಚಾಸಿಯ ಗಾಡಿ ಮಾರ್ತಿದ್ರು, 2013ರ ಮಾಡೆಲ್ಲಿಗೆ ಬಂದ್ ಆತು. ಫೋರ್ಡಿನ ಎಕ್ಸ್‌ಕರ್ಷನ್ 2005ಕ್ಕ ಹೋತು. ಅಂಥಾ ಗಾಡಿ ಈಗ ಹೊಸಾದು ಸಿಗಂಗಿಲ್ಲ. ಭಾರದ ಪಿಕಪ್ ತೊಗೊಂಡ್ರ ಏಳು ಮಂದಿ ಕೂಡಂಗಿಲ್ಲ. ಉಳಿದಿದ್ದು ಎರಡು ಗಾಡಿ, ಇಲ್ಲಾಂದ್ರ ಟ್ರೇಲರ್ ಬಿಡೋದು. ‘ಏನಾಗಂಗಿಲ್ಲ, ನಾವು ಎಷ್ಟೋ ಸಲ ಹೋಗೇವಿ’ ಅನ್ನೋ ಗೆಳ್ಯಾರು ನನಗೂ ಇದ್ದಾರ. ಟಂಟಂದಾಗ ಹದಿನಾಲ್ಕು ಮಂದಿ ಕೂತು ನಾನೂ ಹಳೇ ಹುಬ್ಬಳ್ಳಿಗೆ ಹೋಗೇನಿ, ಏನೂ ಆಗಿಲ್ಲ. ಆದ್ರ ಅದು ಗಂಟೆಕ್ಕ 65 ಮೈಲಿ ಓಡ್ತಿದ್ದಿಲ್ಲ.

ನನ್ನ ಹೆಂಡ್ತೀದು ಬ್ಯಾರೆ ವಾದ. ‘ರೀ, ವರ್ಷಕ್ಕ ಎರಡು ತಿಂಗಳ ಬರೋ ಮಂದಿ ಸಲುವಾಗಿ ಹತ್ತು ತಿಂಗಳ ಬಸ್ ಹೊಡೀಬೇಕೇನು? ಕಿರಾಣಿ ತರ್ಲಿಕ್ಕೆ ಹೋಗಾಕಿ ನಾನು. ಮಗಾ ನಾಲ್ಕು ವರ್ಷಕ್ಕ ಕಾಲೇಜಿಗೆ ಹೋಗ್ತಾನ, ಆಮ್ಯಾಲೆ ಹಿಂದಿನ ಸೀಟಿನ್ಯಾಗ ಯಾರು, ನಿಮ್ಮ ಗಾಲ್ಫ್ ಚೀಲಾನ?’ ತಪ್ಪೇನಿಲ್ಲ ಆಕಿ ಮಾತಿನ್ಯಾಗ. ಅದಕ್ಕಿಂತ ಗಟ್ಟಿ ವಾದ ಆಕಿ ಟೇಪ್ ಹಿಡದು ಮಾಡಿದ್ಲು. ನಮ್ಮ ಗ್ಯಾರೇಜಿನ ಒಳಗಿನ ಉದ್ದ 20 ಫೂಟು, ಅದರಾಗ ಹಿಂದಿನ ಗ್ವಾಡಿಗೆ ಆಕಿ ಫ್ರೀಜರ್ 2 ಫೂಟು. ಸಬರ್ಬನ್ 18 ಫೂಟು 10 ಇಂಚಿಗೆ ಒಂದು ಕೂದಲೆಳಿ ಕಡಿಮಿ. ಟಾಹೋ ಆದ್ರ 17 ಫೂಟು 7 ಇಂಚಿನ ಒಳಗ, ಫ್ರೀಜರ್ ಇಟ್ಟೂ ಬಾಗಲಾ ಹಾಕಬಹುದು. ಆ ಫ್ರೀಜರಿನ್ಯಾಗ ನಮ್ಮತ್ತಿ ಮಾಡಿಟ್ಟ ಹೋಳಿಗಿ, ಜವಾರಿ ಅವರಿಕಾಳು, ಆರು ತಿಂಗಳದ ಕೊಬ್ಬರಿ ತುರಿ ಅದ. ಗಾಡಿ ಹೊರಗ ನಿಂದ್ರಿಸೋಣ ಅಂದ್ರ ನಮ್ಮ ಕಡೆ ಏಪ್ರಿಲ್, ಮೇ ತಿಂಗಳದಾಗ ನಿಂಬಿಕಾಯಿ ಗಾತ್ರದ ಆಣೆಕಲ್ಲು ಬೀಳ್ತಾವ. ಎರಡು ವರ್ಷದ ಹಿಂದ ಬಾಜೂ ಮನಿಯವರ ಕಾರಿನ ಮ್ಯಾಲೆ ಬಿದ್ದು ಅದು ಪಡ್ಡಿನ ಕಾವಲಿ ಹಂಗ ಆಗಿತ್ತು. ಅದಕ್ಕ ಹೇಳ್ತೇನಿ, ಉದ್ದ ಗಾಡಿ ನೋಡ್ಲಿಕ್ಕೆ ಹೋಗೋಕಿಂತ ಮೊದಲ ಗ್ಯಾರೇಜ್ ಅಳೀರಿ, ಅಳಿಯೋವಾಗ ಹೆಂಡ್ತಿನ್ನ ಕರೀರಿ. ಇಲ್ಲಾಂದ್ರ ಆಮ್ಯಾಲೆ ಆಕಿ ಒಬ್ಬಾಕಿನ ಅಳೀತಾಳ.

ಎರಡು ದಿನಾ ಮಾತು ಬಿಟ್ಟ ಮ್ಯಾಲೆ ಮೂರನೇ ದಿನಾ ಆಕಿನ ಕೇಳಿದ್ಲು, ‘ಮಾವ ಅವರು ಯಾವ ಸೀಟಿನ್ಯಾಗ ಕೂಡ್ತಾರ?’ ನಾ ಅಂದೆ, ಮುಂದ, ನನ್ನ ಬಾಜೂಕ. ‘ಮತ್ತ ನಾ?’ ಅಂದ್ಲು. ಮೂರನೇ ಸಾಲಿನ್ಯಾಗ. ಆಕಿ ಏನೂ ಮಾತಾಡ್ಲಿಲ್ಲ. ಶನಿವಾರ ತಾನ ಶೋರೂಮಿಗೆ ಬಂದು ಟಾಹೋದ ಮೂರನೇ ಸಾಲಿನ್ಯಾಗ ಹತ್ತು ಮಿನಿಟು ಕೂತ್ಲು, ಸಬರ್ಬನ್‌ನಾಗ ಹತ್ತು ಮಿನಿಟು ಕೂತ್ಲು. ಇಳಿದು ಬಂದು, ‘ಫ್ರೀಜರ್ ಲಾಂಡ್ರಿ ಖೋಲಿಗೆ ಇಡೋಣ’ ಅಂದ್ಲು.

2022ರ ಒಂದು ಸಬರ್ಬನ್, ಮೊದಲಿನ ಮಾಲಕರು ಛಂದ ಇಟ್ಟಿದ್ದು, ಮಾತಾಡೇವಿ. ಟ್ರೇಲರ್ ಈ ವರ್ಷ ಇಲ್ಲ. ಅಡಗಿಮನಿ ಇರೋ ಬಾಡಿಗಿ ಮನಿ ನೋಡ್ಲಿಕ್ಕತ್ತೇವಿ, ಕುಕ್ಕರು ಹೆಂಗೂ ಜೋಡಿ ಬರ್ತದ. ನಿನ್ನೆ ಅಪ್ಪಗ ಫೋನ್ ಮಾಡಿ ಗಾಡಿ ತೊಗೊಳ್ಳಿಕ್ಕತ್ತೇನಿ, ನಿನಗ ಮುಂದಿನ ಸೀಟು ಅಂದೆ. ‘ಎಷ್ಟು ಹೊರತದ ಅಂತ ಬಾಗಲಿನ್ಯಾಗ ಬರದಾರ?’ ಅಂತ ಕೇಳಿದಾ. ಹೇಳಿದೆ. ಬರ್ತೇನಿ ಅಂತ ಇನ್ನೂ ಅಂದಿಲ್ಲ, ಆದ್ರ ಜುಲೈದಾಗ ಅಲ್ಲೆ ಬಿಸಿಲು ಎಷ್ಟಿರ್ತದ ಅಂತ ಕೇಳ್ಯಾನ. ಫ್ರೀಜರ್ ಮಾತ್ರ ಲಾಂಡ್ರಿ ಖೋಲಿ ಬಾಗಲದಾಗ ಒಂದು ಇಂಚು ಹಿಡಿಯವಲ್ದು.